ಯಾರ ಹಂಗೂ ಇಲ್ಲದ ಕಾರು

ನಮ್ಮ ಬಾದು ಕಾರು ಕೊಂಡದ್ದು ಓಡಾಡುವುದಕ್ಕಲ್ಲ, ಯಾರ ಮುಂದೆಯೂ ಹಲ್ಲು ಗಿಂಜದೆ ಬಾಳುವುದಕ್ಕೆ. ಪಠ್ಯಪುಸ್ತಕದ ಗೋದಾಮಿನಲ್ಲಿ ಸ್ಟೋರ್ ಕೀಪರ್ ಆಗಿದ್ದ ಅವನು ಮದುವೆಗೆ ಭಾವಮೈದುನನ ವ್ಯಾನು, ಆಸ್ಪತ್ರೆಗೆ ಚರ್ಚಿನ ಬಸ್ಸು, ಸಾವಿನ ಮನೆಗೆ ಯಾರದೋ ಟ್ಯಾಕ್ಸಿಯಲ್ಲಿ ಉಳಿದ ಜಾಗ ಎಂದು ಬೇಡಿ ಬೇಡಿ ಬೇಸತ್ತಿದ್ದ. ಬೇಡುವುದಾದರೂ ಸುಲಭ, ಆಮೇಲಿನದು ಕಷ್ಟ. ನಮ್ಮ ಕುಮಾಸಿ ಊರಿನಲ್ಲಿ ಒಬ್ಬರಿಂದ ಉಪಕಾರ ಪಡೆದರೆ ಅಲ್ಲೇ ಒಂದು ಥ್ಯಾಂಕ್ಸ್ ಎಸೆದು ಹೋಗುವ ಹಾಗಿಲ್ಲ. ಮಾರನೆಯ ದಿನ ಬೆಳಕು ಹರಿಯುವ ಮೊದಲೇ ಅವರ ಬಾಗಿಲಿಗೆ ಹೋಗಿ "ನಿನ್ನೆಯದಕ್ಕೆ ಬಂದೆ" ಎನ್ನಬೇಕು. ಹೋಗದವನನ್ನು ಯಾರೂ ಬಯ್ಯುವುದಿಲ್ಲ. ಮುಂದಿನ ಸಲ ಅವನು ಕೂಗಿದಾಗ ಬೀದಿಗೆ ಬೀದಿಯೇ ಕಿವುಡಾಗುತ್ತದೆ, ಅಷ್ಟೆ.

"ಡಾಕ್ಟ್ರೇ, ಇನ್ಮೇಲೆ ನಾನು ಬೆಳಗ್ಗೆ ಬಿಸಿಲು ಬರೋವರೆಗೂ ಮಲಗ್ತೀನಿ," ಎಂದು ಬಾದು ನನ್ನ ಅಂಗಡಿಗೆ ಬಂದು ಘೋಷಿಸಿದ. ನಾನು ಡಾಕ್ಟರಲ್ಲ, ಔಷಧದ ಅಂಗಡಿಯವನು. ಆದರೆ ಬೀದಿಯವರು ಕೊಟ್ಟ ಬಿರುದನ್ನು ಬೇಡವೆನ್ನುವುದು ಸಭ್ಯತೆಯಲ್ಲ ಎಂದು ಇಟ್ಟುಕೊಂಡಿದ್ದೇನೆ.

ಕಾರು ಹಡಗಿನಲ್ಲಿ ಬಂತು. ಹಿಮ ಬೀಳುವ ಯಾವುದೋ ದೇಶದಲ್ಲಿ ಪ್ರಾಯವನ್ನೆಲ್ಲ ಕಳೆದು, ಇನ್ನು ಬೇಡವೆಂದು ಅಲ್ಲಿಯವರು ಬಿಟ್ಟಮೇಲೆ ನಮ್ಮಲ್ಲಿಗೆ ಹೊಸದಾಗಿ ಬಂದ ಕಾರು. ಬಾದು ಅದನ್ನು ಮನೆಗೆ ತರುವ ಮೊದಲೇ ಪೇಂಟರ್ ಹತ್ತಿರ ಒಯ್ದು, ಡಿಕ್ಕಿಯ ಮೇಲೆ ಹಳದಿ ಬಣ್ಣದಲ್ಲಿ ದೊಡ್ಡದಾಗಿ ಬರೆಸಿದ: ಯಾರ ಹಂಗೂ ಇಲ್ಲ.

ಭಾನುವಾರ ಇಡೀ ಬೀದಿ ನೋಡುತ್ತಿರಲು ಬಾದು ಬಿಳಿ ಬಟ್ಟೆ ತೊಟ್ಟು ಚರ್ಚಿಗೆ ಹೊರಟ. ಹೆಂಡತಿ ಸೆರ್ವಾ ಪಕ್ಕದಲ್ಲಿ ರಾಣಿಯ ಹಾಗೆ ಕೂತಳು. ಹಿಂದೆ ಅಡೊಮಾಕೊ ಕೂತ. ಅಡೊಮಾಕೊ ಎಂದರೆ ಬಾದುವಿನ ತೀರಿಹೋದ ಅಕ್ಕನ ಮಗ, ಬಾದು ಎದೆಯ ಮೇಲೆ ಹಾಕಿಕೊಂಡು ಬೆಳೆಸಿದ ಹುಡುಗ, ಈಗ ಶಾಲೆಯಲ್ಲಿ ಮೇಷ್ಟ್ರು. ಬಾದು ಎಲ್ಲರಿಗೂ ಕೈ ಬೀಸಿ ಕೀಲಿ ತಿರುಗಿಸಿದ.

"ಟಕ್" ಎಂದಿತು ಕಾರು.

ಇನ್ನೊಮ್ಮೆ ತಿರುಗಿಸಿದ. ಮತ್ತೆ ಟಕ್. ಹಾರ್ನ್ ಒತ್ತಿ ನೋಡಿದ. ಹಾರ್ನು ಶೀತವಾದವನಂತೆ ಗೊರಗೊರ ಅಂದಿತು, ಜೊತೆಗೆ ರೇಡಿಯೋದಲ್ಲಿ ಹಾಡುತ್ತಿದ್ದವಳು ಬಾಯಿ ಮುಚ್ಚಿಕೊಂಡಳು.

"ಏನ್ರೀ, ಕಾರೂ ಪ್ರಾರ್ಥನೆ ಮಾಡ್ತಾ ಇದೆಯಾ?" ಎಂದಳು ಸೆರ್ವಾ. ಅವಳು ಪೇಟೆಯಲ್ಲಿ ಹೊಗೆಮೀನು ಮಾರುವವಳು. ಮೀನಿಗಿಂತ ಅವಳ ಮಾತಿಗೇ ಹೊಗೆ ಜಾಸ್ತಿ.

ಕೊನೆಗೆ ನಾನು, ಎದುರುಮನೆಯ ಚಮ್ಮಾರ, ಚರ್ಚಿಗೆ ಹೊರಟಿದ್ದ ಹಾಡುಗಾರರು ಎಲ್ಲ ಸೇರಿ ಹಿಂದಿನಿಂದ ತಳ್ಳಿದೆವು. ತಳ್ಳುವವನು ತಲೆ ಬಗ್ಗಿಸಿದರೆ ಕಣ್ಣಿಗೆ ಗೇಣು ದೂರದಲ್ಲಿ ಕಾಣುವುದು ಡಿಕ್ಕಿಯೊಂದೇ. ನಾವು ಏದುಸಿರು ಬಿಡುತ್ತಾ "ಯಾರ ಹಂಗೂ ಇಲ್ಲ" ಎಂಬುದನ್ನು ಅಕ್ಷರ ಬಿಡದೆ ಓದಿಕೊಂಡೆವು. ಕಾರು ಕೆಮ್ಮಿ, ಹೊಗೆ ಉಗುಳಿ ಓಡಿತು.

ಮಾರನೆಯ ದಿನ ಕೋಳಿ ಕೂಗುವುದಕ್ಕೂ ಮೊದಲು ಬಾದು ನನ್ನ ಬಾಗಿಲಲ್ಲಿ ನಿಂತಿದ್ದ. ಮುಖ ಸಪ್ಪಗಿತ್ತು.

"ನಿನ್ನೆಯದಕ್ಕೆ ಬಂದೆ, ಡಾಕ್ಟ್ರೇ."

"ಬಿಸಿಲು ಬರೋವರೆಗೂ ಮಲಗ್ತೀನಿ ಅಂದಿದ್ದೆ?"

"ಇನ್ನೂ ಆರು ಮನೆ ಇದೆ. ತಮಾಷೆ ಮಾಡಬೇಡ."

ಇಲ್ಲಿಂದ ಬಾದುವಿನ ನಿಜವಾದ ಕಷ್ಟ ಶುರುವಾಯಿತು. ಕಾರು ದಿನಾ ಕೆಟ್ಟಿದ್ದರೆ ಮಾರಿಬಿಡಬಹುದಿತ್ತು, ದಿನಾ ಸರಿಯಿದ್ದರೆ ಮೆರೆಯಬಹುದಿತ್ತು. ಇದು ಎರಡೂ ಅಲ್ಲ. ಒಮ್ಮೆ ಮುಟ್ಟಿದರೆ ಸಾಕು ಸಿಂಹದಂತೆ ಗರ್ಜಿಸುತ್ತದೆ, ಇನ್ನೊಮ್ಮೆ ಟಕ್ ಅಂದು ಸುಮ್ಮನಾಗುತ್ತದೆ. ಸಂಜೆ ಯಾರಾದರೂ ತಳ್ಳುವುದು, ಬೆಳಗ್ಗೆ ಬಾದು ಅವರವರ ಮನೆ ಬಾಗಿಲಿಗೆ ಹೋಗುವುದು ನಡೆದೇ ನಡೆಯಿತು. ಹೋದಲ್ಲೆಲ್ಲ ಕುಡಿಯಲು ನೀರು, ಅದರ ಜೊತೆಗೆ ಕಾರಿನ ಕಾಯಿಲೆಯ ಬಗ್ಗೆ ಒಂದು ಉಪದೇಶ ಸಿಗುತ್ತಿತ್ತು.

"ಹಿಮದ ದೇಶದ ಗಾಡಿ ಕಣಪ್ಪ. ಇಲ್ಲಿಯ ಸೆಕೆಗೆ ಮಂಕು ಹಿಡಿದಿದೆ. ಮೂತಿಗೆ ಒದ್ದೆಬಟ್ಟೆ ಹಾಕು," ಎಂದ ಚಮ್ಮಾರ. ಬಾದು ಹಾಕಿದ. ಬಟ್ಟೆ ಒಣಗಿತು, ಕಾರು ಏಳಲಿಲ್ಲ.

"ಶನಿವಾರ ಸಾವಿನ ಮನೆ ಮುಂದೆ ನಿಲ್ಲಿಸ್ತೀಯಲ್ಲ, ಅಲ್ಲಿ ಅಳೋದು ಕೇಳಿ ಕೇಳಿ ಅದರ ಎದೆ ಒಡೆದುಹೋಗಿದೆ," ಎಂದರು ಹಾಡುಗಾರರ ಮುಖಂಡರು.

ಇವರೆಲ್ಲರಿಗಿಂತ ವಿಚಿತ್ರವಾದ ತಕರಾರು ಏರಿನ ಮೇಲೆ ಬಾಳೆಹಣ್ಣು ಕರಿದು ಮಾರುವ ಪೊಕುವಾಳದು. ಅವಳು ಬಾದುವನ್ನು ನಡುರಸ್ತೆಯಲ್ಲಿ ತಡೆದು ನಿಲ್ಲಿಸಿದಳು.

"ಏನಣ್ಣ, ಊರವರ ಮನೆಗೆಲ್ಲ ಹೋಗಿ ವಂದನೆ ಹೇಳಿ ಬರ್ತೀಯಂತೆ. ನಮ್ಮನೆ ನಾಯಿ ಕಚ್ಚುತ್ತಾ?"

"ಅಕ್ಕ, ನೀನು ಯಾವತ್ತೂ ನನ್ನ ಕಾರು ತಳ್ಳಿಲ್ಲವಲ್ಲ!"

"ತಳ್ಳೋಕೆ ನೀನು ಬಿಟ್ಟರೆ ತಾನೇ? ವಾರಕ್ಕೊಂದು ಸಲ ನನ್ನ ಅಂಗಡಿ ಮುಂದೆ ನಿಲ್ಲಿಸ್ತೀಯ, ತಿಂತೀಯ, ಕೀಲಿ ತಿರುಗಿಸ್ತೀಯ, ಬುರ್ರ್ ಅಂತ ಹೋಗೇಬಿಡ್ತೀಯ. ನನ್ನ ಅಂಗಡಿ ಮುಂದೆ ಒಂದು ದಿನವೂ ಕೆಡಲಿಲ್ಲ ನಿನ್ನ ಕಾರು. ನನ್ನ ಕೈಗೇನು ಶಕ್ತಿ ಇಲ್ವಾ?"

ಬಾದು ಅವಳ ಕ್ಷಮೆ ಕೇಳಿ, ಬೇಗನೇ ಅವಳ ಅಂಗಡಿಯ ಮುಂದೆಯೂ ಕೆಡುವಂತೆ ಪ್ರಯತ್ನಿಸುವುದಾಗಿ ಭರವಸೆ ಕೊಟ್ಟು ಬಂದ.

ಇನ್ನು ಮಾಸ್ಟರ್ ಲಾರ್ಬಿ. ವಾಹನಗಳ ಎಲೆಕ್ಟ್ರಿಷಿಯನ್. ತನ್ನಷ್ಟು ಬಲ್ಲವರು ಕುಮಾಸಿಯಲ್ಲಿ ಇಲ್ಲ ಎಂದು ಅವನು ಹೇಳುತ್ತಿದ್ದ, ಕುಮಾಸಿಯವರೂ ಬೇರೆ ಕೆಲಸವಿದ್ದುದರಿಂದ ಒಪ್ಪಿಕೊಂಡಿದ್ದರು. ಅವನ ಶೆಡ್ಡು ರಸ್ತೆಯಿಂದ ಚರಂಡಿಯ ಕಡೆಗೆ ಇಳಿಯುವ ಅಂಗಳದಲ್ಲಿತ್ತು. ಬಾದು ಕಾರನ್ನು ಅಲ್ಲಿಗೆ ತಂದು ಇಳಿಸಿ, "ಮಾಸ್ಟರ್, ನೋಡು, ಸ್ಟಾರ್ಟ್ ಆಗಲ್ಲ" ಎಂದು ಕೀಲಿ ತಿರುಗಿಸಿದರೆ ಕಾರು ಬುರ್ರ್ ಎನ್ನುತ್ತಿತ್ತು.

"ಆಗ್ತಾ ಇದೆಯಲ್ಲ ಬಾಸ್."

"ಈಗ ಆಯ್ತು. ನಿನ್ನೆ ಆಗಲಿಲ್ಲ."

"ನಿನ್ನೆಯದನ್ನ ನಾನು ಹೇಗೆ ರಿಪೇರಿ ಮಾಡಲಿ? ಇವತ್ತಿನದು ಕೊಡಿ."

ಆದರೂ ಬಂದ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಬಾರದೆಂದು ಒಮ್ಮೆ ಬ್ಯಾಟರಿ ಬದಲಾಯಿಸಿದ, ಒಮ್ಮೆ ಸ್ಟಾರ್ಟರ್ ಬದಲಾಯಿಸಿದ, ಒಮ್ಮೆ ಕೀಲಿಯ ರಂಧ್ರವನ್ನೇ ಕಿತ್ತು ಹೊಸದು ಹಾಕಿದ. ಪ್ರತಿ ಸಲವೂ ಅವನ ಅಂಗಳದಲ್ಲಿ ಕಾರು ಸಿಂಹ, ನಮ್ಮ ಬೀದಿಗೆ ಬಂದೊಡನೆ ಟಕ್.

"ಬಾಸ್, ಬೇಜಾರು ಮಾಡ್ಕೋಬೇಡಿ," ಎಂದ ಕೊನೆಗೆ ಲಾರ್ಬಿ. "ನಿಮ್ಮ ಕಾರಿಗೆ ಏನೂ ಆಗಿಲ್ಲ. ನಿಮಗೇ ಏನೋ ಆಗಿದೆ."

ಇಷ್ಟರಲ್ಲಿ ಅಡೊಮಾಕೊ ತನ್ನ ಮಾವನ ಮುಂದೆ ಬಂದು, ಉಗುರು ಕಚ್ಚುತ್ತಾ, ತನ್ನ ಶಾಲೆಯಲ್ಲೇ ಪಾಠ ಮಾಡುವ ಫೊಸುವಾ ಎಂಬ ಹುಡುಗಿಯ ಹೆಸರು ಹೇಳಿದ. ಹುಡುಗಿಯ ಊರು ಮಾಂಪಾಂಗ್. ಅವಳ ಮನೆಯ ಯಜಮಾನ ಅವಳ ಸೋದರಮಾವ ದ್ವುಮೋ. ಕೋಕೋ ತೂಗುವ ಕೆಲಸದಲ್ಲೇ ಮುದುಕರಾದವರು. ಈಗ ಮನುಷ್ಯರನ್ನೂ ತೂಗುತ್ತಿದ್ದರು. ಒಬ್ಬ ವರ ತಡವಾಗಿ ಬಂದನೆಂದು, ಇನ್ನೊಬ್ಬನ ಕಡೆಯವರು ಜಾಸ್ತಿ ನಕ್ಕರೆಂದು ವಾಪಸ್ ಕಳಿಸಿದವರು. ನಮ್ಮಲ್ಲಿ ಹುಡುಗಿಯ ಮನೆ ಬಾಗಿಲು ತಟ್ಟಿ ಹೆಣ್ಣು ಕೇಳಬೇಕಾದವನು ಹುಡುಗನ ಸೋದರಮಾವ. ಮಾವ ಕೆಟ್ಟರೆ ಮದುವೆಯೂ ಕೆಟ್ಟಿತು. ಶನಿವಾರ ಬೆಳಗ್ಗೆ ಬನ್ನಿ ಎಂದು ದ್ವುಮೋ ಹೇಳಿಕಳಿಸಿದ್ದರು.

"ಮಾವ, ಅವಳಿಲ್ಲದಿದ್ರೆ ನಾನು ಇರಲ್ಲ," ಎಂದ ಅಡೊಮಾಕೊ.

ಬಾದು ಹುಡುಗನ ತಲೆ ಸವರಿ, "ನಿಮ್ಮಮ್ಮ ಸಾಯೋವಾಗ ನಿನ್ನ ಕೈ ನನ್ನ ಕೈಲಿಟ್ಟು ಹೋದಳು ಕಣೋ. ಮಾಂಪಾಂಗಿಗೆ ತೆವಳಿಕೊಂಡಾದರೂ ಹೋಗ್ತೀನಿ," ಎಂದ. ಕಾರಿನ ಸ್ಥಿತಿ ನೋಡಿದರೆ ಅದು ಉತ್ಪ್ರೇಕ್ಷೆಯಾಗಿರಲಿಲ್ಲ.

ಬಾಗಿಲು ತಟ್ಟಲು ಹೋಗುವವರ ಕೈಯಲ್ಲಿ ಷ್ನಾಪ್ಸ್ ಎಂಬ ಮದ್ಯದ ಬಾಟಲಿ ಇರಲೇಬೇಕು. ಅಂಥಿಂಥದ್ದಲ್ಲ, ಪೆಟ್ಟಿಗೆಯಲ್ಲಿಟ್ಟು ರಿಬ್ಬನ್ ಕಟ್ಟಿದ್ದು. ಮಾವ ಅಳಿಯ ಇಬ್ಬರೂ ಒಂದು ವಾರ ಮೊದಲೇ ಹೋಗಿ ಕೊಂಡು ತಂದರು. ತರುವಾಗ ಕೂಡುರಸ್ತೆಯಲ್ಲಿ, ತಾವಿಯಾ ಹಿರಿಯರ ಮನೆಯ ಎದುರಿಗೆ ಸರಿಯಾಗಿ, ಕಾರು ನಿಂತಿತು.

ತಾವಿಯಾ ಎಂದರೆ ಸಾಮಾನ್ಯರಲ್ಲ. ಊರ ಮುಖ್ಯಸ್ಥರ ಚಾವಡಿಯಲ್ಲಿ ಅವರ ಪರವಾಗಿ ಮಾತಾಡುವವರು. ಅವರು ಬಾಯಿ ತೆರೆದರೆ ಜಗಳವಾಡಲು ಬಂದವರು ತಬ್ಬಿಕೊಂಡು ಹೋಗುತ್ತಾರೆ. ಅಂಥವರು ಜಗುಲಿಯಿಂದ ಇಳಿದು, ಹೆಗಲ ಮೇಲಿನ ಬಟ್ಟೆಯನ್ನು ಸೊಂಟಕ್ಕೆ ಬಿಗಿದು, "ಅಚಿಯಾ, ಬಾರೇ" ಎಂದು ಮಗಳನ್ನೂ ಕರೆದು ಕಾರಿಗೆ ಕೈ ಹಚ್ಚಿದರು. ಅಚಿಯಾ ಮನೆ ಮುಂದೆಯೇ ಹೆಣ್ಣುಮಕ್ಕಳ ಜಡೆ ಹೆಣೆಯುವ ಅಂಗಡಿ ಇಟ್ಟವಳು. ಮದುವೆಯ ಮಾತೆತ್ತಿದವರನ್ನು ಬಾಚಣಿಗೆ ಹಿಡಿದು ಓಡಿಸಿ ಓಡಿಸಿ ನಲವತ್ತರ ಹತ್ತಿರ ಬಂದಿದ್ದಳು. ಅವಳೊಬ್ಬಳೇ ತಳ್ಳಿದರೂ ಕಾರು ಹೊರಡುತ್ತಿತ್ತು. ಆದರೆ ಹಿರಿಯರ ಬಟ್ಟೆಗೆ ಕೆಸರು ಹಾರಿತು.

"ಹಿರಿಯರ ಬಟ್ಟೆಗೆ ಕೆಸರು ಮಾಡಿಬಂದು ಬರಿ ಬಾಯಲ್ಲಿ ವಂದನೆ ಹೇಳ್ತೀರಾ?" ಎಂದಳು ಸೆರ್ವಾ. "ಏನಾದ್ರೂ ಕೈಯಲ್ಲಿ ಹಿಡ್ಕೊಂಡು ಹೋಗಿ."

"ಅಷ್ಟು ಬೆಳಗ್ಗೆ ಯಾವ ಅಂಗಡಿ ತೆಗೆದಿರುತ್ತೆ?"

"ಆ ಬಾಟಲಿ ಇದೆಯಲ್ಲ. ಶನಿವಾರಕ್ಕೆ ಇನ್ನೊಂದು ತಂದ್ರಾಯ್ತು."

ಹೀಗೆ ಮಾರನೆಯ ದಿನ ನಸುಕಿನಲ್ಲಿ ಬಾದು ರಿಬ್ಬನ್ ಕಟ್ಟಿದ ಬಾಟಲಿ ಹಿಡಿದು, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಅಡೊಮಾಕೊನನ್ನು ಕರೆದುಕೊಂಡು ತಾವಿಯಾ ಅವರ ಬಾಗಿಲು ತಟ್ಟಿದ. ಮದುವೆಯಾಗದ ಮಗಳಿರುವ ಮನೆ, ನಸುಕು, ಷ್ನಾಪ್ಸ್, ಸೋದರಮಾವ, ಸೋದರಳಿಯ. ಇನ್ನು ಏನು ಬೇಕಿತ್ತು? ವಾದ್ಯದವರೊಬ್ಬರನ್ನು ಬಿಟ್ಟು ಎಲ್ಲರೂ ಇದ್ದರು.

ಹಿರಿಯರು ಬಾಟಲಿ ನೋಡಿದರು. ಅಡೊಮಾಕೊನ ಅಂಗಿ ನೋಡಿದರು. ಬಾದುವಿನ ಹಣೆಯ ಬೆವರು ನೋಡಿದರು. ಅವರ ಕಣ್ಣು ಒದ್ದೆಯಾಯಿತು.

"ಅಜ್ಜ, ನಾವು ಯಾಕೆ ಬಂದ್ವಿ ಅಂದ್ರೆ, ನಿನ್ನೆ ಸಂಜೆ..." ಎಂದು ಬಾದು ಶುರು ಮಾಡಿದ.

"ಬೇಡ. ಬಾಯಿಬಿಟ್ಟು ಹೇಳಬೇಡ. ಮೊದಲನೇ ದಿನವೇ ಇಂಥ ಮಾತು ಆಡಿದ್ರೆ ಅದರ ಬೆಲೆ ಹೋಗುತ್ತೆ. ನನಗೂ ಕಣ್ಣಿದೆ."

"ಆದ್ರೂ ಅಜ್ಜ, ನಿಮ್ಮಂಥ ದೊಡ್ಡವರು, ನಿಮ್ಮ ಮಗಳು ಬೇರೆ..."

"ಮಗಳು ಅಂದೆಯಲ್ಲ, ಸಾಕು! ಒಂದು ವಾರ ಸಮಯ ಕೊಡು. ಮನೆಯವರು ಕೂತು, ವಿಚಾರಿಸಿ, ಉತ್ತರ ಹೇಳ್ತೀವಿ." ಹಿರಿಯರು ಅಲ್ಲೇ ಬಾಟಲಿ ತೆರೆದು, ಪಿತೃಗಳಿಗೆಂದು ನೆಲಕ್ಕೆ ನಾಲ್ಕು ಹನಿ ಹೊಯ್ದು, ಉಳಿದದ್ದಕ್ಕೆ ತಾವೇ ನ್ಯಾಯ ಒದಗಿಸಿದರು.

ಒಳಗಿನಿಂದ ಅಚಿಯಾಳ ದನಿ ಕೇಳಿತು: "ಅಪ್ಪಾ, ಅವರು ಕಾರು ತಳ್ಳಿದ್ದಕ್ಕೆ ಬಂದಿದ್ದಾರೆ!"

"ನೋಡಿದ್ಯಾ, ನಾಚಿಕೊಳ್ತಾಳೆ," ಎಂದರು ಹಿರಿಯರು.

ಬಾದು ನೇರ ನನ್ನ ಅಂಗಡಿಗೆ ಬಂದ. "ಎಂಥ ಮನೆತನ ಡಾಕ್ಟ್ರೇ! ಒಂದು ವಂದನೆ ಒಪ್ಪಿಕೊಳ್ಳೋಕೂ ವಾರ ಕೂತು ವಿಚಾರ ಮಾಡ್ತಾರಂತೆ. ನಾವೆಲ್ಲ ಕಲೀಬೇಕು."

ಎರಡು ದಿನ ಬಿಟ್ಟು ಒಬ್ಬ ಮುದುಕಿ ನನ್ನ ಅಂಗಡಿಗೆ ಬಂದು, ತಲೆನೋವಿನ ಮಾತ್ರೆ ಕೇಳುವ ನೆಪದಲ್ಲಿ, "ಈ ಅಡೊಮಾಕೊ ಅನ್ನೋ ಹುಡುಗ ಹೇಗೆ? ಕುಡಿತಾನಾ? ಅವರ ವಂಶದಲ್ಲಿ ಹುಚ್ಚು ಗಿಚ್ಚು?" ಎಂದಳು. ಮಾಂಪಾಂಗಿನವರು ವಿಚಾರಿಸಲು ಕಳಿಸಿದ್ದಾರೆ ಎಂದು ನಾನು ತಕ್ಷಣ ಅರ್ಥಮಾಡಿಕೊಂಡೆ. ಸ್ನೇಹಿತನ ಮನೆಯ ಶುಭಕಾರ್ಯ, ಕಂಜೂಸಿ ಮಾಡಬಾರದು. "ಅಜ್ಜೀ, ಆ ಹುಡುಗ ಚಿನ್ನ. ನನಗೆ ಮಗಳಿದ್ದಿದ್ದರೆ ನಿಮಗೆ ಬಿಡ್ತಾನೇ ಇರಲಿಲ್ಲ" ಎಂದೆ. ಚಮ್ಮಾರ ಇನ್ನೂ ಮುಂದೆ ಹೋಗಿ, ಹುಡುಗ ಹುಟ್ಟಿದಾಗ ಬೀದಿಗೆಲ್ಲ ಬೆಳಕಾಗಿತ್ತು ಎಂದನಂತೆ. ಮುದುಕಿ ತಾವಿಯಾ ಹಿರಿಯರ ತಂಗಿ ಎಂದು ನಮಗೆ ಯಾರು ಹೇಳಬೇಕು? ಅವಳು ಕೆಲಸಗಳ್ಳಿಯಲ್ಲ. ಅಲ್ಲಿಂದ ನೇರ ಅಡೊಮಾಕೊನ ಶಾಲೆಗೂ ಹೋದಳು. ಅಲ್ಲಿ ಅವಳು ವಿಚಾರಿಸಿದ ಮೊದಲ ಟೀಚರಮ್ಮನ ಹೆಸರು ಫೊಸುವಾ.

ಶುಕ್ರವಾರ ಸಂಜೆ ಅಡೊಮಾಕೊ ಫೋನು ಕಿವಿಗಿಟ್ಟುಕೊಂಡು ಕೂತಿದ್ದ. "ಮಾವ, ಫೊಸುವಾ ಫೋನು. ನಾವು ಆ ಅಚಿಯಾ ಮನೆಗೆ ಬಾಟಲಿ ಕೊಟ್ಟು ಹೆಣ್ಣು ಕೇಳಿದ್ದೀವಂತೆ. ಅವರು ಒಪ್ಪಿದ್ದಾರಂತೆ. ಫೊಸುವಾಳ ಮಾವನಿಗೂ ಗೊತ್ತಾಗಿದೆ. ನಾಳೆ ಬಂದರೆ ಬಾಗಿಲು ತೆಗೆಯಲ್ಲ ಅಂತಿದ್ದಾರೆ."

ಬಾದು ಕೂತಲ್ಲೇ ಕುಸಿದ. ಸೆರ್ವಾ ಅವನ ತಲೆಗೆ ನೀರು ಹಾಕಿದಳು. "ಬಾಟಲಿ ಒಯ್ಯಿ ಅಂದವಳು ನೀನೇ ಅಲ್ವೇನೇ?" ಎಂದು ಬಾದು ನರಳಿದ. "ಬಾಟಲಿ ಒಯ್ಯಿ ಅಂದೆ. ಅಂಗಿಗೆ ಇಸ್ತ್ರಿ ಮಾಡಿಸಿ ಅಂದಿದ್ನಾ?" ಎಂದಳು ಸೆರ್ವಾ.

ಶನಿವಾರ ಮುಂಜಾನೆ ಹೊಸ ಬಾಟಲಿಯೊಂದಿಗೆ ಬಾದು ಕಾರಿನ ಹತ್ತಿರ ಬರುವಷ್ಟರಲ್ಲಿ ತಾವಿಯಾ ಹಿರಿಯರು ಕುಟುಂಬಸಮೇತ, ಹಬ್ಬದ ಬಟ್ಟೆಯಲ್ಲಿ, ನಗುನಗುತ್ತಾ ಬೀದಿಗೆ ಬಂದರು.

"ಬಾದು, ನಮ್ಮ ಉತ್ತರ ತಂದಿದ್ದೀವಿ. ಒಪ್ಪಿಗೆ!"

ಬಾದು ದಬಕ್ಕನೆ ಅವರ ಕಾಲಿಗೆ ಬಿದ್ದ. "ಅಜ್ಜ, ನನ್ನ ಕೊಂದುಬಿಡಿ. ಆ ಬಾಟಲಿ ಕಾರು ತಳ್ಳಿದ್ದಕ್ಕೆ. ಬರೀ ತಳ್ಳಿದ್ದಕ್ಕೆ!"

ಬೀದಿಯಲ್ಲಿ ಊಟದ ಮುದ್ದೆಗೆ, ಅಂದರೆ ಫುಫುಗೆ, ಗೆಡ್ಡೆ ಕುಟ್ಟುತ್ತಿದ್ದ ಒನಕೆಗಳೂ ನಿಂತವು. ಎಲ್ಲರಿಗಿಂತ ಮೊದಲು ಸದ್ದು ಮಾಡಿದವಳು ಅಚಿಯಾ. ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ಒಂದು ವಾರದಿಂದ ಬಡ್ಕೊಂಡೆ ಅಪ್ಪಾ, ಕೇಳಿದ್ಯಾ? ನಾನು ಜಡೆ ಹಾಕೋ ಮಕ್ಕಳ ವಯಸ್ಸಿನ ಹುಡುಗನ್ನ ಮದುವೆ ಆಗು ಅಂತಿದ್ದೆಯಲ್ಲ. ದೇವರು ದೊಡ್ಡವನು!"

ಹಿರಿಯರು ಬಾದುವಿನ ಭುಜ ಹಿಡಿದು ಎಬ್ಬಿಸಿದರು.

"ನನ್ನ ಅರವತ್ತು ವರ್ಷದ ಸಾರ್ವಜನಿಕ ಜೀವನದಲ್ಲಿ ಕಾರು ತಳ್ಳಿದ್ದಕ್ಕೆ ಷ್ನಾಪ್ಸ್ ತಂದವನು ನೀನೊಬ್ಬನೇ. ಎಷ್ಟು ಜನರ ಜಗಳ ಬಿಡಿಸಿದ್ದೀನಿ, ಮಾರನೇ ದಿನ ಒಂದು ನಾಯಿನೂ ಬಂದಿಲ್ಲ. ಬಾಟಲಿ ನಾನು ಕುಡಿದಿದ್ದೀನಿ. ಹುಡುಗನಿಗೆ ಮದುವೆ ಮಾಡಿಸೋ ಜವಾಬ್ದಾರಿ ನನ್ನ ಹೊಟ್ಟೆಯಲ್ಲಿದೆ. ಎಲ್ಲರೂ ಕಾರು ಹತ್ತಿ. ಮಾಂಪಾಂಗಿನಲ್ಲಿ ನಾನು ಮಾತಾಡ್ತೀನಿ."

ಹತ್ತಿದೆವು. ಕಾರು ಟಕ್ ಅಂದಿತು. ಇಳಿದು ತಳ್ಳಿ ಮತ್ತೆ ಹತ್ತಿದೆವು. ಮುಂದೆ ಬಾದು ಮತ್ತು ಹಿರಿಯರು, ಹಿಂದೆ ಸೆರ್ವಾ, ಅಡೊಮಾಕೊ, ನಾನು, ನಮ್ಮೆಲ್ಲರ ತೊಡೆಗಳ ಮೇಲೆ ಅಡ್ಡಲಾಗಿ ಮಾಸ್ಟರ್ ಲಾರ್ಬಿ. "ಮದುವೆ ಮಾತು ಮುಗಿಯೋವರೆಗೂ ರಿಪೇರಿಯವನು ಕಾರಿಂದ ಇಳಿಯೋ ಹಾಗಿಲ್ಲ" ಎಂದು ಸೆರ್ವಾ ಅವನನ್ನು ಅಂಗಿ ಹಿಡಿದು ಎಳೆದುಕೊಂಡು ಬಂದಿದ್ದಳು.

ದ್ವುಮೋ ಅವರ ಮನೆ ದಿಬ್ಬದ ಬುಡದಲ್ಲಿ. ದಾರಿ ಮನೆಯ ಕಡೆಗೇ ಇಳಿಯುತ್ತದೆ. ಬಾದು ಕಾರಿನ ಮೂತಿ ಕೆಳಗೆ ಮಾಡಿ ನಿಲ್ಲಿಸಿದ. ಬಾಗಿಲಲ್ಲಿ ದ್ವುಮೋ ಕೈಕಟ್ಟಿ ನಿಂತಿದ್ದರು. ಕಿಟಕಿಯ ಹಿಂದೆ ಫೊಸುವಾ ಅತ್ತು ಅತ್ತು ಊದಿದ ಕಣ್ಣಲ್ಲಿ ನೋಡುತ್ತಿದ್ದಳು.

ತಾವಿಯಾ ಹಿರಿಯರು ಮಾತಾಡಿದರು. ಎಂಥ ಮಾತು! ಮಧ್ಯದಲ್ಲಿ ಲಾರ್ಬಿ ಕಣ್ಣೊರೆಸಿಕೊಂಡ. ತಮ್ಮ ಅವಸರ, ಮಗಳ ನಗು, ಬಾದುವಿನ ನಿಯತ್ತು ಎಲ್ಲವನ್ನೂ ಹೇಳಿ, "ಈ ಮನುಷ್ಯ ನನ್ನ ಮನೆಗೆ ಬಂದದ್ದು ಹೆಣ್ಣು ಕೇಳಲಿಕ್ಕಲ್ಲ, ಕಾರು ತಳ್ಳಿದ್ದಕ್ಕೆ ವಂದಿಸಲಿಕ್ಕೆ" ಎಂದು ಮುಗಿಸಿದರು.

ದ್ವುಮೋ ಮುಖದ ಗಂಟು ಬಿಚ್ಚಲಿಲ್ಲ. "ಹಿರಿಯರೇ, ನಿಮ್ಮ ಮಾತು ಚೆನ್ನಾಗಿದೆ. ಆದರೆ ನಾನು ಮೂಟೆಯ ಮೇಲಿನ ಬರಹ ನಂಬಿದವನಲ್ಲ, ತೂಗಿ ನೋಡಿದವನು. ತಳ್ಳಿದರೆ ಮಾತ್ರ ಹೊರಡೋ ಕಾರು ಅದೇ ತಾನೇ? ಸ್ಟಾರ್ಟ್ ಮಾಡಲಿ, ನೋಡೋಣ."

ಬಾದು ಕಾರಿನಲ್ಲಿ ಕೂತ. ಅವನ ತುಟಿ ಅಲುಗುತ್ತಿತ್ತು. ಕಾರು ಕೊಂಡ ದಿನದಿಂದ ಮೊದಲ ಬಾರಿಗೆ ಅವನು, ದೇವರೇ, ಇದೊಂದು ಸಲ ಸ್ಟಾರ್ಟ್ ಆಗದಿರಲಿ ಎಂದು ಬೇಡಿಕೊಂಡ. ಕೀಲಿ ತಿರುಗಿಸಿದ.

ಕಾರು ಬುರ್ರ್ ಎಂದಿತು. ಹಡಗಿನಿಂದ ಇಳಿದಂದಿನಿಂದ ಅಷ್ಟು ಸೊಗಸಾಗಿ ಯಾವತ್ತೂ ಎದ್ದಿರಲಿಲ್ಲ. ಆರಿಸಿ ಮತ್ತೆ ತಿರುಗಿಸಿದ. ಬುರ್ರ್.

"ಚೆನ್ನಾಗಿದೆ ಕಾರು," ಎಂದರು ದ್ವುಮೋ. "ಹೋಗಿಬನ್ನಿ."

ಸೆರ್ವಾ ಸೆರಗಿನಂತೆ ಹೊದ್ದ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡಳು. ಅಡೊಮಾಕೊ ಕಿಟಕಿಯ ಕಡೆ ನೋಡುತ್ತಾ ನಿಂತಿದ್ದ. ಹುಡುಗ ಅಳಲಿಲ್ಲ, ಅದನ್ನೇ ನನಗೆ ನೋಡಲಾಗಲಿಲ್ಲ. ಬಾದು ಮಾತ್ರ ಸ್ಟೀರಿಂಗಿನ ಮೇಲೆ ಹಣೆ ಇಟ್ಟುಕೊಂಡಿದ್ದವನು ನಿಧಾನವಾಗಿ ತಲೆ ಎತ್ತಿ ಎದುರಿನ ಇಳಿಜಾರನ್ನು ನೋಡಿದ. ಕಾರಿನಿಂದ ನೆಗೆದ.

"ಪೊಕುವಾ!" ಎಂದು ಕಿರುಚಿದ.

"ಇವಳ್ಯಾರು ಮೂರನೆಯವಳು?" ಎಂದರು ದ್ವುಮೋ.

"ಬಾಳೆಹಣ್ಣು ಕರಿಯೋಳು! ನನ್ನ ಅಂಗಡಿ ಮುಂದೆ ಯಾವತ್ತೂ ಕೆಡಲ್ಲ ಅಂತ ಜಗಳ ಆಡಿದ್ಳು. ಅವಳ ಅಂಗಡಿ ಮುಂದೆ ಇಳಿಜಾರು! ಲಾರ್ಬಿ ಅಂಗಳ ಚರಂಡಿ ಕಡೆ ಇಳಿಜಾರು! ಇಲ್ಲೂ ಇಳಿಜಾರು! ಮೂತಿ ಕೆಳಗಿದ್ರೆ ಏಳುತ್ತೆ. ತಿರುಗಿಸಿ ಕಾರನ್ನ! ಮೂತಿ ಮೇಲೆ ಮಾಡಿ!"

ನಾವು ಹುಚ್ಚರಂತೆ ಕಾರಿಗೆ ಮುತ್ತಿಕೊಂಡು, ಹಿಂದೆ ಮುಂದೆ ಎಳೆದಾಡಿ, ದಿಬ್ಬಕ್ಕೆ ಮುಖ ಮಾಡಿ ನಿಲ್ಲಿಸಿದೆವು. ಬಾದು ದ್ವುಮೋ ಅವರನ್ನೇ ಕರೆದು ಕೂರಿಸಿ, ಕೀಲಿ ಅವರ ಕೈಗೆ ಕೊಟ್ಟ. ದ್ವುಮೋ ತಿರುಗಿಸಿದರು.

ಟಕ್.

ಮತ್ತೆ ತಿರುಗಿಸಿದರು. ಟಕ್. ಹಾರ್ನು ಗೊರಗೊರ ಎಂದಿತು. ನಾವು ಕೂಗಿದ ಕೂಗಿಗೆ ಮಾಂಪಾಂಗಿ‌ನ ಜನ ಮನೆಗಳಿಂದ ಓಡಿಬಂದರು. ಒಂದು ಕಾರು ಸ್ಟಾರ್ಟ್ ಆಗಲಿಲ್ಲವೆಂದು ಗಂಡಸರು ಹೆಂಗಸರು ತಬ್ಬಿಕೊಂಡು ಕುಣಿದದ್ದನ್ನು ಅವರು ಹಿಂದೆಂದೂ ನೋಡಿರಲಿಲ್ಲ. ಸೆರ್ವಾ ಬಾದುವಿನ ಕೆನ್ನೆಗೆ ಎಲ್ಲರ ಎದುರಿಗೇ ಮುತ್ತು ಕೊಟ್ಟಳು.

ಲಾರ್ಬಿ ಬಾನೆಟ್ ಎತ್ತಿ ಬ್ಯಾಟರಿಗೆ ಕೈ ಹಾಕಿದ. ಬ್ಯಾಟರಿ ಜಾರಿತು. ಅದನ್ನು ಹಿಡಿದಿಡುವ ಪಟ್ಟಿಯೇ ಇರಲಿಲ್ಲ. ಮೂತಿ ಮೇಲಾದರೆ ಬ್ಯಾಟರಿ ಹಿಂದಕ್ಕೆ ಸರಿದು, ಅದರಿಂದ ಕಾರಿನ ಮೈಗೆ ಹೋಗುವ ದಪ್ಪ ಕಪ್ಪು ವೈರನ್ನು ಜಗ್ಗುತ್ತಿತ್ತು. ಲಾರ್ಬಿ ವೈರಿನ ಆ ತುದಿ ಮುಟ್ಟಿ "ಅಯ್ಯೋ" ಎಂದು ಬೆರಳು ಬಾಯಿಗಿಟ್ಟುಕೊಂಡ. ವೈರು ಬಿಸಿಯಾಗಿತ್ತು. ಮೇಲಿನ ಕಪ್ಪು ಹೊದಿಕೆ ನೆಟ್ಟಗಿತ್ತು, ಒಳಗಿನ ತಾಮ್ರವೆಲ್ಲ ಹರಿದು ಕೆಲವೇ ಎಳೆ ಉಳಿದಿತ್ತು.

"ನಾನು ಮೊದಲೇ ಹೇಳಿದ್ದೆ," ಎಂದ ಲಾರ್ಬಿ, ಯಾರಿಗೂ ಹೇಳದಿದ್ದವನು. "ಬ್ಯಾಟರಿಯಿಂದ ಹೊರಟ ಕರೆಂಟು ಕೆಲಸ ಮುಗಿಸಿ ಬ್ಯಾಟರಿಗೇ ವಾಪಸ್ ಬರಬೇಕು. ಹೋಗೋ ದಾರಿ ಚೆನ್ನಾಗಿದೆ, ಬರೋ ದಾರಿ ಕಿತ್ತುಹೋಗಿದೆ. ನಾವು ಹೋಗೋ ದಾರಿನೇ ರಿಪೇರಿ ಮಾಡ್ತಾ ಕೂತಿದ್ವಿ."

"ಇದನ್ನ ನನ್ನ ಕೇಳಿದ್ರೆ ಯಾವತ್ತೋ ಹೇಳ್ತಿದ್ದೆನಲ್ಲಪ್ಪ," ಎಂದರು ತಾವಿಯಾ ಹಿರಿಯರು. "ಕೊಟ್ಟವರ ಮನೆಗೆ ವಾಪಸ್ ಬಂದು ಹೋಗದಿದ್ರೆ ಎಂಥದ್ದೂ ನಡೆಯಲ್ಲ."

ಲಾರ್ಬಿ ವೈರಿನ ತುದಿ ಕತ್ತರಿಸಿ, ಕೆರೆದು, ಹೊಸ ಬೋಲ್ಟಿಗೆ ಬಿಗಿದ. ಬ್ಯಾಟರಿ ಜಾರದಂತೆ ಸಂದಿಗೆ ಏನಾದರೂ ಕೊಡಿ ಎಂದಾಗ ಅಡುಗೆಮನೆಯ ಬಾಗಿಲಿಂದ ಫೊಸುವಾ ಓಡಿಬಂದು ಒಂದು ಯಾಮ್ ಗೆಡ್ಡೆ ಕೊಟ್ಟಳು. ಆದರೆ ದ್ವುಮೋ ಕೈ ಅಡ್ಡ ಹಿಡಿದರು. "ಕೀಲಿ ಮುಟ್ಟಬೇಡಿ. ಈ ಊರಿಂದ ಮೊದಲನೇ ಸಲ ಹೋಗೋವಾಗ ನಾವೇ ಕಳಿಸಿಕೊಡಬೇಕು." ಹೆಗಲ ಬಟ್ಟೆ ಸೊಂಟಕ್ಕೆ ಬಿಗಿದು, ಆ ಮುದುಕರು ಡಿಕ್ಕಿಗೆ ಕೈ ಹಚ್ಚಿದರು. ಅವರ ಪಕ್ಕದಲ್ಲಿ ತಾವಿಯಾ ಹಿರಿಯರು ಕೈ ಹಚ್ಚಿದರು.

ನಮ್ಮ ಹೊಸ ಬಾಟಲಿ ಆಗಲೇ ದ್ವುಮೋ ಅವರ ಮನೆಯೊಳಗೆ ಸೇರಿತ್ತು. ಒಪ್ಪಿಗೆಯೋ ಅಲ್ಲವೋ ಎಂದು ಯಾರೂ ಕೇಳಲಿಲ್ಲ. ಕಾರು ತಳ್ಳಿದ ಮೇಲೆ ಇನ್ನೇನು ಕೇಳುವುದು? ಮಾರನೆಯ ದಿನ ನಸುಕಿಗೇ ಬಾದು ವಂದನೆ ಹೇಳಲು ಮತ್ತೆ ಮಾಂಪಾಂಗಿಗೆ ಹೋಗಲೇಬೇಕಿತ್ತು. ಹೋದ. ಪೊಕುವಾಳ ಮನೆಗಂತೂ ಒಂದು ಇಡೀ ಗೊನೆ ಬಾಳೆ ಹೊತ್ತುಕೊಂಡು ಹೋದ.

ಅಂದಿನಿಂದ ಕಾರು ಒಂದು ದಿನವೂ ಟಕ್ ಅನ್ನಲಿಲ್ಲ. ಬೆಳಗ್ಗೆ ಕೀಲಿ ತಿರುಗಿಸಿದರೆ ಸಿಂಹ. ನಾವು ಅಭ್ಯಾಸಬಲದಿಂದ ಹೊರಗೆ ಬಂದು ನಿಲ್ಲುತ್ತಿದ್ದೆವು. ಬಾದು ಕೈ ಬೀಸಿ ಹೋಗಿಬಿಡುತ್ತಿದ್ದ. ಬೆಳಗಿನ ಹೊತ್ತು ಯಾರೂ ಬಾಗಿಲು ತಟ್ಟುತ್ತಿರಲಿಲ್ಲ. ನಾನು ಬಿಸಿಲು ಬರುವವರೆಗೂ ಮಲಗಿದೆ. ನಿದ್ದೆ ಚೆನ್ನಾಗಿ ಬರಲಿಲ್ಲ ಎಂದು ಹೇಳಿಬಿಡುತ್ತೇನೆ.

ಮದುವೆಯ ದಿನ ಬಂತು. ಕಾರಿಗೆ ರಿಬ್ಬನ್ ಕಟ್ಟಿದ್ದರು. ನಮ್ಮೆಲ್ಲರ ಅಂಗೈ ಉಜ್ಜಿ ಉಜ್ಜಿ ಡಿಕ್ಕಿಯ ಹಳದಿ ಅಕ್ಷರಗಳು ಮಾಸಿಹೋಗಿ, ಅಲ್ಲಿ ಕೈ ಗುರುತುಗಳಷ್ಟೇ ಉಳಿದಿದ್ದವು. ಪೇಂಟರ್ ಹೊಸದಾಗಿ ಬರೆಯಲು ಬಂದಿದ್ದನಂತೆ, ಬಾದು ಅವನನ್ನು ಊಟ ಹಾಕಿ ವಾಪಸ್ ಕಳಿಸಿದ್ದ. ಅಡೊಮಾಕೊ ಮತ್ತು ಸೆರ್ವಾ ಹಿಂದೆ ಕೂತರು. ಬಾದು ಬಿಳಿ ಬಟ್ಟೆಯಲ್ಲಿ ಸ್ಟೀರಿಂಗ್ ಹಿಡಿದು ಕೂತು, ಕನ್ನಡಿಯಲ್ಲಿ ಹಿಂದೆ ನೋಡಿದ. ನಾನು, ಚಮ್ಮಾರ, ಹಾಡುಗಾರರು, ಪೊಕುವಾ, ತಾವಿಯಾ ಹಿರಿಯರು, ಅಚಿಯಾ ಎಲ್ಲ ಕಳಿಸಿಕೊಡಲು ನಿಂತಿದ್ದೆವು.

ಬಾದು ಸ್ಟಾರ್ಟ್ ಮಾಡಲಿಲ್ಲ. ಕೀಲಿಯನ್ನು ಅರ್ಧಕ್ಕೇ ಬಿಟ್ಟು, ಎರಡನೇ ಗೇರಿಗೆ ಹಾಕಿ, ತಲೆ ಹೊರಗೆ ಹಾಕಿದ.

"ಏನು ನೋಡ್ತಾ ನಿಂತಿದ್ದೀರಿ? ತಳ್ರಿ!"

ಪೊಕುವಾ ಎಲ್ಲರನ್ನೂ ಮೊಣಕೈಯಲ್ಲಿ ಸರಿಸಿ ಮುಂದೆ ಬಂದಳು. ನಾವು ಬೀದಿಯ ತುದಿಯವರೆಗೂ, ಬೇಕಾದ್ದಕ್ಕಿಂತ ಬಹಳ ದೂರ, ತಳ್ಳಿಕೊಂಡು ಹೋದೆವು.

ಮಾರನೆಯ ದಿನ ಇನ್ನೂ ಕತ್ತಲಿರುವಾಗಲೇ ನನ್ನ ಬಾಗಿಲು ಬಡಿದ ಸದ್ದಾಯಿತು. ನಾನು ಎದ್ದು ಮುಖ ತೊಳೆದು ಕೂತೇ ಇದ್ದೆ.

"ಡಾಕ್ಟ್ರೇ," ಎಂದ ಬಾದು, "ನಿನ್ನೆಯದಕ್ಕೆ ಬಂದೆ."